ಗೆರೆಯ ಮೇಲೆ ನಾದಿನಿ, ಗ್ಯಾಲರಿಯಲ್ಲಿ ಮಾವ

ನಮ್ಮ ಮನೆಯವರು ಒಬ್ಬೊಬ್ಬರೇ ಹೊರಗೆ ಹೋದರೆ ಎಲ್ಲರೂ ಮರ್ಯಾದಸ್ಥರು. ಐದು ಜನ ಒಟ್ಟಿಗೆ ಹೊರಟೆವೋ, ವಾಪಸ್ ಬರುವಷ್ಟರಲ್ಲಿ ಯಾರದಾದರೂ ಕ್ಷಮೆ ಕೇಳಿಯೇ ಬಂದಿರುತ್ತೇವೆ. ಮದುವೆ ಛತ್ರ, ಆಸ್ಪತ್ರೆ, ಪಾಸ್‌ಪೋರ್ಟ್ ಕಚೇರಿ, ಎಲ್ಲ ಕಡೆಯೂ ಆಗಿದೆ. ಟೆನ್ನಿಸ್ ಒಂದು ಬಾಕಿ ಇತ್ತು.

ಮೂರು ಷರತ್ತು

ನನ್ನ ನಾದಿನಿ ದೆಹಲಿಯ ಲಕ್ಷ್ಮೀನಗರದ ಕೋಚಿಂಗ್ ಸೆಂಟರೊಂದರಲ್ಲಿ ಗಣಿತ ಹೇಳಿಕೊಡುತ್ತಾಳೆ. ರಜೆ ಸಿಕ್ಕಾಗಲೆಲ್ಲ ಟೆನ್ನಿಸ್ ಪಂದ್ಯಗಳಲ್ಲಿ ಲೈನ್ ಅಂಪೈರ್ ಆಗಿ ನಿಲ್ಲುತ್ತಿದ್ದಳು. ಚೆಂಡು ಗೆರೆಯ ಒಳಗೆ ಬಿತ್ತೋ ಹೊರಗೆ ಬಿತ್ತೋ ಹೇಳುವ ಕೆಲಸ. ಈಗ ಅದಕ್ಕೂ ಯಂತ್ರ ಬಂದಿದೆಯಂತೆ. ನಾನು ಹೇಳುತ್ತಿರುವುದು ಕೆಲವು ವರ್ಷ ಹಿಂದಿನ ಮಾತು, ಗೆರೆ ಕಾಯಲು ಇನ್ನೂ ಮನುಷ್ಯರೇ ಬೇಕಾಗಿದ್ದಾಗಿನದು.

ಆ ಸಲ ದೆಹಲಿಯಲ್ಲಿ ದೊಡ್ಡ ಅಂತರರಾಷ್ಟ್ರೀಯ ಪಂದ್ಯಾವಳಿ. ಅವಳ ಪಾಲಿಗೆ ಅದೇ ಪರೀಕ್ಷೆ. ಹಿರಿಯ ಅಧಿಕಾರಿಯೊಬ್ಬರು ಗ್ಯಾಲರಿಯಲ್ಲಿ ಕೂತು ಅವಳ ಒಂದೊಂದು ತೀರ್ಪನ್ನೂ ಬರೆದುಕೊಳ್ಳುತ್ತಾರೆ. ಪಾಸಾದರೆ ಮೇಲಿನ ದರ್ಜೆ, ದೇಶವಿದೇಶದ ಪಂದ್ಯ. ಫೇಲಾದರೆ ಮತ್ತೆ ಶಾಲಾ ಮಕ್ಕಳ ಟೂರ್ನಿ. ಮೂರು ವರ್ಷದಿಂದ ಆ ಒಂದು ದಿನಕ್ಕೆ ಕಾದಿದ್ದಳು, ಪಾಪ.

ಸರಿಯಾಗಿ ಆಗಲೇ ಅತ್ತೆ ಮಾವ ಕೊಡಗಿನಿಂದ ನೋಯ್ಡಾದ ನಮ್ಮ ಫ್ಲ್ಯಾಟಿಗೆ ಬಂದಿಳಿದರು. ಮಾವ ಸೇನೆಯಲ್ಲಿ ಸುಬೇದಾರರಾಗಿದ್ದವರು. ಅವರು ನಿವೃತ್ತರಾಗಿ ಹದಿನೈದು ವರ್ಷವಾದರೂ ಅವರ ದನಿ ಇನ್ನೂ ನಿವೃತ್ತಿಯಾಗಿಲ್ಲ. ಪಂದ್ಯದ ಹಿಂದಿನ ದಿನ ನಾದಿನಿ ಮನೆಗೆ ಬಂದು ಎಲ್ಲರನ್ನೂ ಸೋಫಾದ ಮೇಲೆ ಕೂರಿಸಿದಳು.

"ಅಪ್ಪಾ, ಕೂಗಬಾರದು. ಅಮ್ಮಾ, ಕೈ ಬೀಸಬಾರದು. ಯಾರೂ ನನ್ನ ಹೆಸರು ಹಿಡಿದು ಕರೀಬಾರದು. ಕೋರ್ಟಿನಲ್ಲಿ ನಿಂತಿರೋಷ್ಟು ಹೊತ್ತು ನಾನು ನಿಮ್ಮ ಮಗಳಲ್ಲ."

ಮಾವ ಹುಬ್ಬು ಗಂಟಿಕ್ಕಿದರು. "ಇದೇನು ಟೆನ್ನಿಸ್ ಮ್ಯಾಚಾ, ಸಾವಿನ ಮನೇನಾ?"

"ಸಾವಿನ ಮನೇಲಾದ್ರೂ ಹೆಸರು ಹಿಡಿದು ಅಳಬಹುದು," ಎಂದರು ಅತ್ತೆ.

ಗೇಟಿನಲ್ಲಿ ಸಿಕ್ಕಿಬಿದ್ದ ಚೆಂಡುಗಳು

ಅತ್ತೆ ಬೆಳಗ್ಗೆ ಎದ್ದವರೇ ಅಕ್ಕಿತರಿ ಕಲಸಿ ನಲವತ್ತು ಕಡಂಬುಟ್ಟು ಉಂಡೆ ಕಟ್ಟಿ ಹಬೆಯಲ್ಲಿ ಬೇಯಿಸಿದ್ದರು. ಜೊತೆಗೆ ಒಂದು ದೊಡ್ಡ ಡಬ್ಬಿ ಕೋಳಿ ಸಾರು. ಹೊರಗಿನ ಊಟ ಒಳಗೆ ಬಿಡುವುದಿಲ್ಲ ಎಂದು ನಾನು ಹೇಳಿದೆ. "ನಮ್ಮನೆಯದು ಹೊರಗಿನ ಊಟ ಹೇಗಾಗುತ್ತೆ?" ಎಂದರು. ನಾನೇ ಡಬ್ಬಿಗೆ ಮುಚ್ಚಳ ಹಾಕಿದೆ.

ಸ್ಟೇಡಿಯಂ ಗೇಟಿನಲ್ಲಿ ತಪಾಸಣೆಯ ಮಹಿಳೆ ಡಬ್ಬಿ ತೆರೆದಳು. ಒಳಗೆ ಬೆಳ್ಳಗೆ, ದುಂಡಗೆ, ಸಾಲಾಗಿ ನಲವತ್ತು. ಅವಳು ಒಂದನ್ನು ಎತ್ತಿ ಅದುಮಿದಳು, ಬೆಳಕಿಗೆ ಹಿಡಿದಳು, ಪಕ್ಕದವಳನ್ನು ಕರೆದಳು. ಚೆಂಡು ಒಳಗೆ ಒಯ್ಯುವಂತಿಲ್ಲ ಎಂದಳು ಪಕ್ಕದವಳು.

"ಬಾಲ್ ನಹೀಂ ಹೈ ಆಂಟಿ, ಖಾನಾ ಹೈ," ಎಂದಳು ನನ್ನ ಹತ್ತು ವರ್ಷದ ಮಗಳು, ತಲೆ ತಗ್ಗಿಸಿಕೊಂಡು.

ಊಟವಾದರೆ ಅದೋ ಅಲ್ಲಿ, ಎಂದು ಕಸದ ಡ್ರಮ್ಮು ತೋರಿಸಿದರು. ಅತ್ತೆಯ ಮುಖ ನೋಡಬೇಕಿತ್ತು. ಡಬ್ಬಿ ಎತ್ತಿಕೊಂಡು ಹೋಗಿ ಕಾಂಪೌಂಡಿನ ಕಟ್ಟೆಯ ಮೇಲೆ ಕೂತರು, ತಟ್ಟೆ ಹರಡಿದರು, ಸಾರು ಬಿಸಿಯಿದ್ದಾಗಲೇ ನಮ್ಮೆಲ್ಲರಿಗೂ ಬಡಿಸಿದರು. ಬೆಳಗ್ಗೆ ಹತ್ತೂವರೆಗೆ ಕೋಳಿ ಸಾರು ಉಂಡೆವು. ಆದರೂ ಇಪ್ಪತ್ತು ಮಿಕ್ಕಿತು. ಮಿಕ್ಕಿದ್ದನ್ನು ಅತ್ತೆ ತಪಾಸಣೆಯವರಿಗೇ ಬಡಿಸಿದರು. ಕಾನೂನು ಕಾಲು ಗಂಟೆ ನಿಂತುಹೋಯಿತು, ಹಿಂದೆ ಸಾಲು ಬೆಳೆಯಿತು.

ಖಾಲಿ ಡಬ್ಬಿ ಹಿಡಿದು ನಾವು ಒಳಗೆ ಹೊರಟಾಗ ಅದೇ ಮಹಿಳೆ ಅತ್ತೆಯ ಕೈ ಹಿಡಿದುಕೊಂಡಳು. ನಾಳೆ ಬಂದರೆ ಬೇರೆ ಗೇಟಿಗೆ ಹೋಗಬೇಡಿ, ಅಲ್ಲಿಯವರು ಬಹಳ ಕಟ್ಟುನಿಟ್ಟು ಎಂದಳು.

ಶಾಂತಿಪಾಲನೆ

ಮಾವನಿಗೆ ಗೊತ್ತಿದ್ದ ಆಟ ಹಾಕಿ. ಅವರ ಊರಲ್ಲಿ ಮನೆತನಕ್ಕೆ ಮನೆತನವೇ ಎದುರುಬದುರು ನಿಂತು ಹಾಕಿ ಆಡುತ್ತದೆ, ಉಳಿದ ನೆಂಟರೆಲ್ಲ ಗೆರೆಯಾಚೆ ನಿಂತು ಗಂಟಲು ಹರಿದುಕೊಳ್ಳುತ್ತಾರೆ. ಕೂಗದೆ ಸುಮ್ಮನೆ ನಿಂತವನು ಎದುರಾಳಿ ಕಡೆಯ ಬೀಗನಿರಬೇಕು ಎಂದೇ ಅಲ್ಲಿ ಲೆಕ್ಕ. ಮಾವ ಅದೇ ಅಭ್ಯಾಸದಲ್ಲಿ ಬಂದು ಕೂತಿದ್ದರು.

ನಮ್ಮ ದೇಶದ ಹುಡುಗಿ ಸರ್ವಿಸ್ ಮಾಡಲು ಚೆಂಡು ಮೇಲಕ್ಕೆ ಹಾರಿಸಿದಳು. ಸೂಜಿ ಬಿದ್ದರೂ ಕೇಳುವ ಮೌನ.

"ಹೊಡಿ ಮಗಳೇ!"

ಹುಡುಗಿ ಬೆಚ್ಚಿ ಚೆಂಡನ್ನು ಕೈಯಲ್ಲೇ ಹಿಡಿದುಕೊಂಡಳು. ಎತ್ತರದ ಕುರ್ಚಿಯ ಅಂಪೈರ್ ಮೈಕಿನಲ್ಲಿ ಮೌನ ಕಾಪಾಡಿ ಎಂದರು. ನಾದಿನಿ ತಿರುಗಿ ನೋಡಲಿಲ್ಲ, ಕತ್ತಿನ ಹಿಂಭಾಗ ಮಾತ್ರ ಕೆಂಪಗಾಯಿತು. ನಾನು ಶಾಲೆಯಲ್ಲಿ ನಲವತ್ತು ಮಕ್ಕಳನ್ನು ಕಣ್ಣಲ್ಲೇ ಕೂರಿಸುವವಳು, ಆದರೆ ಮಾವನನ್ನು ಕೂರಿಸುವ ಕಣ್ಣು ನನಗಿಲ್ಲ.

ಮಾವನಿಗೆ ತಮ್ಮ ತಪ್ಪು ಅರ್ಥವಾಯಿತು. ಕಷ್ಟ ಶುರುವಾದದ್ದೇ ಅಲ್ಲಿಂದ. ಮೇಲಿನವರ ಆರ್ಡರ್ ಬಂದಿದೆ, ಇನ್ನು ಅದನ್ನು ಜಾರಿ ಮಾಡುವುದು ತಮ್ಮ ಹೊಣೆ ಎಂದುಕೊಂಡರು. ಐದು ನಿಮಿಷದ ಮೇಲೆ ಹಿಂದಿನ ಸಾಲಿನ ಇಬ್ಬರು ಕಾಲೇಜು ಹುಡುಗರು ಪಿಸುಗುಟ್ಟಿದ್ದೇ ತಡ, ಮಾವ ಎದ್ದು ನಿಂತು ಇಡೀ ಗ್ಯಾಲರಿಗೆ ಕೇಳುವಂತೆ ಗುಡುಗಿದರು: "ಖಾಮೋಶ್!"

ಚಾವಣಿಯ ಪಾರಿವಾಳಗಳೆಲ್ಲ ಹಾರಿದವು. ಆಚೆ ಬದಿಯ ಆಟಗಾರ್ತಿ ಹೊಡೆದ ಚೆಂಡು ನೆಟ್ಟಿಗೆ ಹೋಯಿತು. ಅಂಪೈರ್ ಈ ಸಲ ನಮ್ಮ ಸಾಲಿನತ್ತಲೇ ಬೆರಳು ತೋರಿಸಿದರು.

ಮಗಳು ತಾತನ ಕೋಟು ಹಿಡಿದು ಎಳೆದಳು. "ತಾತ, ಪ್ಲೀಸ್, ಆಪ್ ಬೈಠೋ! ಪೀಸ್ ತರೋಕೆ ಹೋಗಿ ವಾರ್ ಕರ್ ದಿಯಾ!"

ಕೆಲಸದಿಂದ ತೆಗೆದುಬಿಟ್ಟರು

ಅತ್ತೆ ಆಟ ನೋಡಲೇ ಇಲ್ಲ, ಮಗಳನ್ನು ನೋಡುತ್ತಿದ್ದರು. ಲೈನ್ ಅಂಪೈರುಗಳು ಮಂಡಿಯ ಮೇಲೆ ಕೈಯೂರಿ ಬಗ್ಗಿ ನಿಲ್ಲುತ್ತಾರೆ, ಚೆಂಡು ಕಾಣಲಿ ಎಂದು. "ಹುಡುಗಿಗೆ ಸೊಂಟ ಹಿಡ್ಕೊಂಡಿದೆ," ಎಂದು ಅತ್ತೆ ಮೂರು ಸಲ ಹೇಳಿದರು. ಎಲ್ಲರೂ ಹಾಗೇ ನಿಂತಿದ್ದಾರಲ್ಲ ಎಂದರೆ, "ಅವರಿಗೂ ಊಟ ಹಾಕಿಲ್ಲ," ಎಂದರು.

ಗಂಟೆ ಕಳೆಯಿತು. ಆಟಗಾರ್ತಿಯರು ವಿಶ್ರಾಂತಿಗೆ ಕೂತ ಹೊತ್ತಿನಲ್ಲಿ ಒಂದು ಸಾಲು ಹೊಸ ಲೈನ್ ಅಂಪೈರುಗಳು ಒಳಗೆ ಬಂದರು, ಹಳೆಯವರು ಸಾಲಾಗಿ ಹೊರಗೆ ನಡೆದರು. ನಾದಿನಿಯ ಜಾಗದಲ್ಲಿ ಬೇರೆ ಯಾರೋ.

"ಅಯ್ಯೋ, ತೆಗೆದುಬಿಟ್ರು! ಎಲ್ಲ ನಿಮ್ಮ ಬಾಯಿಂದ!" ಎಂದು ಅತ್ತೆ ಕಣ್ಣೊರೆಸಿಕೊಂಡರು.

ಮಾವನ ಮುಖ ಬಿಳುಚಿತು. ಅವರು ಹಾಗೆ ಕುಗ್ಗಿದ್ದನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ, ನನಗೂ ಸಂಕಟವಾಯಿತು. ನನ್ನ ಗಂಡ ತೋಳು ಹಿಡಿಯುವಷ್ಟರಲ್ಲಿ ಮಾವ ಎರಡು ಸಾಲು ಕೆಳಗಿಳಿದು, ಕಾಗದ ಪೆನ್ನು ಹಿಡಿದು ಒಂಟಿಯಾಗಿ ಕೂತಿದ್ದ ಒಬ್ಬರ ಮುಂದೆ ಅಟೆನ್ಷನ್ನಿನಲ್ಲಿ ನಿಂತುಬಿಟ್ಟಿದ್ದರು. ಬರೆಯುವವನೇ ಮೇಲಿನವನು ಎಂಬುದು ಸೇನೆಯಲ್ಲಿ ಕಲಿತ ಪಾಠ. ದುರದೃಷ್ಟಕ್ಕೆ ಅದು ಸರಿಯಾಗಿತ್ತು. ಅವರೇ ನಾದಿನಿಗೆ ಅಂಕ ಕೊಡುವ ಅಧಿಕಾರಿ.

"ಸಾಬ್, ಕೂಗಿದ್ದು ನಾನು, ಅವಳ ಅಪ್ಪ. ಶಿಕ್ಷೆ ನನಗೆ ಕೊಡಿ. ಹುಡುಗಿಯ ತಪ್ಪಿಲ್ಲ," ಎಂದು ಹಿಂದಿಯಲ್ಲಿ ಬೇಡಿಕೊಂಡರು. ಇವಳ ಅಪ್ಪ ಯಾರು ಎಂಬುದು ಗೊತ್ತಾಗಬಾರದಿದ್ದ ಒಬ್ಬನೇ ಮನುಷ್ಯನಿಗೆ ಅದು ಗೊತ್ತಾದದ್ದು ಹೀಗೆ.

ಅಧಿಕಾರಿ ಕನ್ನಡಕ ಸರಿಮಾಡಿಕೊಂಡು, ಯಾರನ್ನೂ ತೆಗೆದಿಲ್ಲ, ಇಲ್ಲಿ ಒಂದು ಗಂಟೆ ಕೆಲಸ, ಒಂದು ಗಂಟೆ ವಿಶ್ರಾಂತಿ ಎಂದರು. ಮಾವ ವಾಪಸ್ ಬಂದು ಕೂತರು.

"ಮೂವತ್ತು ವರ್ಷ ಗಡಿ ಕಾದೆ. ಇಂಥಾ ಡ್ಯೂಟಿ ಇದೆ ಅಂತ ನನಗೆ ಒಬ್ಬನೂ ಹೇಳಲಿಲ್ಲ."

ಕೊನೆಯ ಚೆಂಡು

ನಾದಿನಿ ಮರಳಿ ಗೆರೆಗೆ ಬಂದಾಗ ಕೊನೆಯ ಸೆಟ್ಟು. ನಮ್ಮ ದೇಶದ ಹುಡುಗಿ ಒಂದು ಪಾಯಿಂಟ್ ಗೆದ್ದರೆ ಪಂದ್ಯವೇ ಗೆದ್ದಂತೆ. ಗ್ಯಾಲರಿ ಉಸಿರು ಬಿಗಿಹಿಡಿದಿತ್ತು. ಮಾವ ಕರವಸ್ತ್ರವನ್ನು ಮಡಿಸಿ ತಮ್ಮ ಬಾಯಿಗೆ ತಾವೇ ಒತ್ತಿಕೊಂಡಿದ್ದರು. ಹುಡುಗಿ ಬೀಸಿ ಹೊಡೆದಳು. ಚೆಂಡು ಗೆರೆಯ ಪಕ್ಕದಲ್ಲೇ ಬಿತ್ತು. ಜನ ಹೋ ಎಂದು ಎದ್ದರು.

"ಔಟ್!" ನಾದಿನಿಯ ಕೈ ಉದ್ದಕ್ಕೆ ಚಾಚಿತ್ತು.

ಅಷ್ಟೂ ಜನ ಅವಳ ಮೇಲೆ ಕೂಗಾಡಿದರು. ಅಷ್ಟರ ಮೇಲೂ ಎದ್ದು ಕೇಳಿಸಿದ ದನಿ ಒಂದೇ.

"ಅಂಧೀ ಹೈ ಕ್ಯಾ? ಬಾಲ್ ಇನ್ ಥಾ! ಕನ್ನಡಕ ಹಾಕ್ಕೋ!"

ಕರವಸ್ತ್ರ ನೆಲದಲ್ಲಿ ಬಿದ್ದಿತ್ತು. ಅತ್ತೆ ಮಾವನ ತೊಡೆ ಚಿವುಟಿದರು. "ಏನ್ರೀ, ಅದು ನಮ್ಮ ಹುಡುಗಿ!"

"ಈಗ ಅವಳು ನನ್ನ ಮಗಳಲ್ಲ, ಅವಳೇ ಹೇಳಿದಾಳೆ," ಎಂದರು ಮಾವ, ಇನ್ನೂ ಏದುಸಿರು ಬಿಡುತ್ತ.

ಅಧಿಕಾರಿ ನಿಧಾನವಾಗಿ ಹಿಂದೆ ತಿರುಗಿ ಮಾವನನ್ನು ನೋಡಿದರು. ಮುಂದೆ ತಿರುಗಿ ನಾದಿನಿಯನ್ನು ನೋಡಿದರು. ಆಮೇಲೆ ಬಗ್ಗಿ ಏನೋ ಉದ್ದಕ್ಕೆ ಬರೆದರು. ನಮ್ಮ ದೇಶದ ಹುಡುಗಿ ಮತ್ತೆರಡು ಪಾಯಿಂಟ್ ಆಡಿ ಹೇಗೋ ಗೆದ್ದಳು. ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದರು, ನಮ್ಮ ಸಾಲಿನಲ್ಲಿ ಮಾತ್ರ ಸೂತಕ.

ಸಂಜೆ ಗೇಟಿನ ಹೊರಗೆ ಕಾದು ನಿಂತೆವು. ನಾದಿನಿ ಬ್ಯಾಗು ಹೆಗಲಿಗೇರಿಸಿಕೊಂಡು ಬಂದಳು. ಅಳುತ್ತಿದ್ದಾಳೋ ನಗುತ್ತಿದ್ದಾಳೋ ದೂರದಿಂದ ತಿಳಿಯಲಿಲ್ಲ. ಹತ್ತಿರ ಬಂದು, "ಪಾಸ್," ಎಂದಳು.

ಅತ್ತೆ ಅಲ್ಲೇ ಕುಕ್ಕರಿಸಿದರು. ಬೆಳಗ್ಗಿನಿಂದ ತುಟಿ ಬಿಚ್ಚದಿದ್ದ ನನ್ನ ಗಂಡ "ಅಬ್ಬಾ" ಎಂದರು. ನನ್ನ ಕಣ್ಣಲ್ಲೂ ನೀರು ಬಂತು, ಹೇಳಿಕೊಳ್ಳಲು ನಾಚಿಕೆಯೇನಿಲ್ಲ.

ನಾದಿನಿ ಒಂದು ಹಾಳೆ ತೆಗೆದು ಅಧಿಕಾರಿ ಬರೆದಿದ್ದನ್ನು ನಮಗೆ ಅರ್ಥವಾಗುವ ಹಾಗೆ ಹೇಳಿದಳು. "ಕೊನೆಯ ತೀರ್ಪು ನೂರಕ್ಕೆ ನೂರು ಸರಿ. ಹೆತ್ತ ತಂದೆಯೇ ಕುರುಡಿ ಎಂದು ಕೂಗಿದರೂ ಈಕೆಯ ಕಣ್ಣು ಗೆರೆಯಿಂದ ಕದಲಲಿಲ್ಲ. ಇವರನ್ನು ಯಾವ ದೇಶದ ಜನರ ಮುಂದೆ ಬೇಕಾದರೂ ನಿಲ್ಲಿಸಬಹುದು."

ಮಾವ ಹಾಳೆ ಇಸಿದುಕೊಂಡು ಎರಡು ಸಲ ಓದಿದರು. ಮಗಳ ತಲೆಯ ಮೇಲೆ ಕೈಯಿಟ್ಟರು.

"ಬಹಳ ಸಂತೋಷ ಆಯ್ತು ಮಗಳೇ. ನಮ್ಮ ಮನೆಯ ಹೆಸರು ಉಳಿಸಿದೆ." ಹಾಳೆ ಮಡಿಸಿ ಅವಳ ಕೈಗಿಟ್ಟರು. "ಆದ್ರೆ ಬಾಲ್ ಇನ್."