ಚಿಕಾಗೋ ಸೀಟಿಗಾಗಿ ಒಂಬತ್ತು ಸಾಷ್ಟಾಂಗ

ಬೆಳಗ್ಗೆ ಕಣ್ಣು ತೆರೆಸಿ, ಕಾಲ ಮೇಲೆ ನಿಲ್ಲಿಸಿ, ಬೆನ್ನನ್ನು ನೆಟ್ಟಗಿರಿಸಿದ ಪರಮಾತ್ಮನಿಗೆ ಮೊದಲ ವಂದನೆ. ಬೆನ್ನನ್ನು ವಿಶೇಷವಾಗಿ ಹೆಸರಿಸಿದ್ದಕ್ಕೆ ಕಾರಣವುಂಟು. ವಿದ್ಯೆ, ಆಯುಸ್ಸು, ಸದ್ಗತಿ ಎಲ್ಲವನ್ನೂ ಅವನಲ್ಲಿ ಬೇಡಿದ ನಾನು, ಕೇಳದೆಯೇ ಕೊಟ್ಟ ಬೆನ್ನಿಗಾಗಿ ಒಂದು ದಿನವೂ ಕೃತಜ್ಞತೆ ಹೇಳಿದವನಲ್ಲ.

ಮೈಸೂರಿನಲ್ಲಿ ವ್ಯಾಕರಣ ಓದಿ, ಅರವತ್ತರ ದಶಕದ ಕೊನೆಯಲ್ಲಿ ಡೆಟ್ರಾಯಿಟ್‌ಗೆ ಬಂದು, ಇಲ್ಲಿನ ಗ್ರಂಥಾಲಯವೊಂದರಲ್ಲಿ ಸಂಸ್ಕೃತ ಪುಸ್ತಕಗಳ ಪಟ್ಟಿ ಬರೆಯುವವನು ನಾನು. ಎಂತಹ ಸಮಾಸವನ್ನಾದರೂ ಬಿಡಿಸಿಯೇನು. ಆದರೆ ಕಳೆದ ತಿಂಗಳು ಮಗಳು ಜಾನಕಿ ಮುಂದಿಟ್ಟ ಎಂ.ಡಿ., ಡಿ.ಓ. ಎಂಬ ನಾಲ್ಕು ಅಕ್ಷರಗಳು ನನ್ನನ್ನು ಸೋಲಿಸಿದವು. ಹಿಂದಿನ ವರ್ಷ ಅವಳಿಗೆ ಎಲ್ಲಿಯೂ ವೈದ್ಯಕೀಯ ಸೀಟು ಸಿಕ್ಕಿರಲಿಲ್ಲ. ಈ ವರ್ಷ ಇಲ್ಲಿಯ ಆಸ್ಟಿಯೋಪಥಿ ಕಾಲೇಜು ಕರೆಯಿತು. ಅಲ್ಲಿ ಉಳಿದ ವೈದ್ಯರು ಓದುವುದನ್ನೆಲ್ಲ ಓದಿಸಿ, ಮೂಳೆ ಸ್ನಾಯುಗಳನ್ನು ಕೈಯಿಂದ ಸರಿಪಡಿಸುವುದನ್ನೂ ಕಲಿಸಿ, ಡಿ.ಓ. ಪದವಿ ಕೊಡುತ್ತಾರೆ. ಈ ದೇಶದ ಮಾಮೂಲಿ ವೈದ್ಯ ಪದವಿಯಾದ ಎಂ.ಡಿ. ಕೊಡುವ ಚಿಕಾಗೋದ ಕಾಲೇಜು ಅವಳನ್ನು ಕಾಯುವವರ ಪಟ್ಟಿಯಲ್ಲಿ ಕೂರಿಸಿತ್ತು. ಇಲ್ಲಿಯ ಕಾಲೇಜಿಗೆ ಸೋಮವಾರದೊಳಗೆ ಒಪ್ಪಿಗೆ ಕೊಡದಿದ್ದರೆ ಸೀಟು ಬೇರೆಯವರ ಪಾಲು. ಆಮೇಲೆ ಚಿಕಾಗೋವೂ ಕೈಬಿಟ್ಟರೆ ಎರಡನೆಯ ವರ್ಷವೂ ಮನೆಯೇ ಗತಿ.

ಚಿಕಾಗೋದಲ್ಲಿ ಅರಿವಳಿಕೆ ತಜ್ಞರಾಗಿರುವ ಧಾರವಾಡದ ಡಾಕ್ಟರ್ ಪಾಟೀಲರು ಮೂರು ವಾರ ಫೋನಿನಲ್ಲಿ ನನ್ನನ್ನು ಎಚ್ಚರಿಸಿದರು. "ಪಂಡಿತರ, ಡಿ.ಓ. ಗೀ.ಓ. ಬ್ಯಾಡ್ರೀ. ನಾಳೆ ರೆಸಿಡೆನ್ಸಿ ಹುಡುಕ್ಲಿಕ್ಕೆ ಹೋದ್ರ ದೊಡ್ಡ ಆಸ್ಪತ್ರಿಯವ್ರು ಬಾಗಲದಾಗ ನಿಲ್ಲಸ್ತಾರ. ಮೂಳಿ ತಿಕ್ಕಲಿಕ್ಕೆ ಅಮೆರಿಕಾಕ್ಕ ಬರಬೇಕಿತ್ತೇನು?"

ಪದವಿಯ ನಂತರ ಆಸ್ಪತ್ರೆಯಲ್ಲಿ ವರ್ಷಗಟ್ಟಲೆ ದುಡಿದು ಪಳಗುವ ಆ ರೆಸಿಡೆನ್ಸಿ ಎಂಬ ಶಬ್ದವನ್ನು ಕೇಳಿ ಕೇಳಿ ನಾನು ದಣಿದೆ. ಶನಿವಾರ ಸ್ನಾನ ಮಾಡಿ ಚಿಕಾಗೋ ಸೀಟಿಗೆಂದು ಇಪ್ಪತ್ತೊಂದು ಸಾಷ್ಟಾಂಗ ನಮಸ್ಕಾರ ಸಂಕಲ್ಪಿಸಿದೆ. ಕೋಟು ತೂಗುಹಾಕುವ ಕ್ಲಾಸೆಟ್ಟೇ ನಮ್ಮ ದೇವರ ಮನೆ. ಅದರ ಮುಂದೆ ಉದ್ದುದ್ದ ಮಲಗಿ ಏಳುತ್ತಿದ್ದೆ. ಒಂಬತ್ತನೆಯದಕ್ಕೆ ಮಲಗಿದವನು ಏಳಲಿಲ್ಲ.

ಹತ್ತು ನಿಮಿಷ ಕಳೆದ ಮೇಲೆ ನನ್ನಾಕೆ ಇಣುಕಿ, "ಭಕ್ತಿ ಸಾಕು ಏಳಿ, ತಿಂಡಿ ಆರ್ತಿದೆ" ಎಂದಳು.

"ಭಕ್ತಿಯಲ್ಲ ಕಣೇ, ಬೆನ್ನು!"

ಜಾನಕಿ ನನ್ನನ್ನು ಉದ್ದನೆಯ ಸ್ಟೇಷನ್ ವ್ಯಾಗನ್ ಕಾರಿನ ಹಿಂಭಾಗದಲ್ಲಿ ಉತ್ಸವಮೂರ್ತಿಯಂತೆ ಮಲಗಿಸಿಕೊಂಡು ಎರಡು ಮೈಲಿ ದೂರದ ಆಸ್ಪತ್ರೆಗೆ ಡ್ರೈವ್ ಮಾಡಿದಳು. ಅದು ಆಸ್ಟಿಯೋಪಥಿ ಆಸ್ಪತ್ರೆಯೆಂದು ತಿಳಿಯುವಾಗ ನಾನು ಬೋರಲಾಗಿದ್ದೆ, ವಿರೋಧಿಸುವ ಸ್ಥಿತಿಯಲ್ಲಿರಲಿಲ್ಲ. ನರೆತ ಕೂದಲಿನ, ದೊಡ್ಡ ಕೈಗಳ ವೈದ್ಯರು ಎಕ್ಸ್-ರೇ ನೋಡಿ ಬೆನ್ನನ್ನು ತಡವತೊಡಗಿದರು. ನಾನು "ನಾರಾಯಣ" ಎನ್ನುತ್ತಿದ್ದರೆ, ಮಗಳು ಅವರಿಗೆ, "ಡಾಕ್ಟರ್, ವಾಟ್ ಅಬೌಟ್ ರೆಸಿಡೆನ್ಸಿ?" ಎಂದಳು.

ನನ್ನ ಸೊಂಟವನ್ನು ತಿರುಚುತ್ತಲೇ ಅವರು ಉತ್ತರಿಸಿದರು. ಈ ಊರಿನ ಸುತ್ತ ತಮ್ಮವೇ ಆಸ್ಪತ್ರೆಗಳಿವೆ, ಅಲ್ಲಿ ರೆಸಿಡೆನ್ಸಿಗೆ ಅವಕಾಶವುಂಟು, ಎಂ.ಡಿ.ಯವರ ಬಾಗಿಲುಗಳು ಈಗೀಗ ತೆರೆಯುತ್ತಿವೆ, ಎಲ್ಲವೂ ಅಲ್ಲ. ಹೃದಯದ ಶಸ್ತ್ರಚಿಕಿತ್ಸೆಯೇ ಬೇಕೆಂದರೆ ಕಷ್ಟ, ಮನೆಮಂದಿಯ ವೈದ್ಯೆಯಾಗುವ ಮನಸ್ಸಿದ್ದರೆ ಚಿಂತೆ ಬೇಡ ಎಂದರು. ಅಷ್ಟರಲ್ಲಿ ನನ್ನೊಳಗೆ ಲಟಕ್ಕೆಂದಿತು. ನೋವು ಮುಕ್ಕಾಲುಪಾಲು ಇಳಿಯಿತು.

"ಅಪ್ಪಾ, ಡೋಂಟ್ ಮೂವ್," ಎಂದಳು ಜಾನಕಿ. ಬೆನ್ನ ಮೇಲೆ ಏನೋ ಹರಿದಾಡಿತು. ಮೂರು ದಿನದಿಂದ ಕೈಚೀಲದಲ್ಲಿಟ್ಟುಕೊಂಡಿದ್ದ ಒಪ್ಪಿಗೆ ಪತ್ರಕ್ಕೆ ನನ್ನ ಬೆನ್ನನ್ನೇ ಮೇಜು ಮಾಡಿಕೊಂಡು ಸಹಿ ಹಾಕಿದ್ದಳು. ಬೇಡವೆನ್ನಲು ಬಾಯಿ ತೆರೆದೆ, ಹೊರಬಂದದ್ದು "ಅಬ್ಬಾ, ಹಾಯಾಯಿತು."

ಸೋಮವಾರ ಅವಳೇ ಪತ್ರವನ್ನು ಕಾಲೇಜಿಗೆ ಮುಟ್ಟಿಸಿದಳು. ಗುರುವಾರ ಚಿಕಾಗೋದಿಂದ ಕಾಗದ ಬಂತು: ಸೀಟು ಇಲ್ಲ. ಅದನ್ನೂ ನನ್ನ ಬೆನ್ನಿನ ಕಥೆಯನ್ನೂ ಫೋನಿನಲ್ಲಿ ಕೇಳಿದ ಪಾಟೀಲರು, "ಆ ಡಾಕ್ಟರು ಕುತ್ತಿಗಿನೂ ನೋಡ್ತಾರೇನ್ರೀ?" ಎಂದರು.

ಸಲಹೆ ಕೊಟ್ಟ ಪಾಟೀಲರಿಗೂ, ಆ ದೊಡ್ಡ ಕೈಗಳ ವೈದ್ಯರಿಗೂ, ತಿಂಡಿಯನ್ನು ಮತ್ತೆ ಬಿಸಿ ಮಾಡಿಕೊಟ್ಟ ನನ್ನಾಕೆಗೂ, ಬೆನ್ನು ಸಿಕ್ಕಲ್ಲಿ ಸಹಿ ಹಾಕುವ ಮಗಳಿಗೂ ಭಗವಂತನು ಒಳಿತು ಮಾಡಲಿ. ಸರ್ವರ ಬೆನ್ನೂ ನೆಟ್ಟಗಿರಲಿ. ಉಳಿದ ಹನ್ನೆರಡು ನಮಸ್ಕಾರಗಳನ್ನು ಅವಳ ರೆಸಿಡೆನ್ಸಿಗೆಂದು ಕಾದಿರಿಸಿದ್ದೇನೆ. ಅಷ್ಟು ಹೊತ್ತಿಗೆ ನನ್ನನ್ನು ಎಬ್ಬಿಸುವಷ್ಟು ವಿದ್ಯೆ ಮನೆಯಲ್ಲಿಯೇ ಇರುತ್ತದೆ.