ಕಹಿ ಬಂತಾ?

ನನ್ನ ಸೋದರಮಾವ ಮನುಷ್ಯರ ಮುಖ ನೋಡುವುದಿಲ್ಲ. ಆ ಮುಖದಲ್ಲಿ ಎಲ್ಲಿ ಗಾಳಿ ನುಸುಳುತ್ತದೆ ಎಂದಷ್ಟೇ ನೋಡುತ್ತಾರೆ. ಚಿಕ್ಕಮ್ಮನ ಮಗಳಿಗೆ ಗಂಡು ನೋಡಲು ಹೋದಾಗ ಎಲ್ಲರೂ ಅವರ ಅಭಿಪ್ರಾಯಕ್ಕೆ ಕಾದರು. "ಹುಡುಗ ಒಳ್ಳೆಯವ. ಆದ್ರೆ ಈ ಗಡ್ಡಕ್ಕೆ ಮಾಸ್ಕ್ ಕೂರಲ್ಲ" ಎಂದರು. ಹುಡುಗ ಬ್ಯಾಂಕಿನಲ್ಲಿದ್ದ!

ಮಾವ ಮೂಡಿಗೆರೆಯ ಹತ್ತಿರ ಒಂದು ಕಾಫಿ ಹಲ್ಲಿಂಗ್ ಶೆಡ್ಡಿನಲ್ಲಿ ಸುರಕ್ಷತೆ ನೋಡಿಕೊಳ್ಳುವವರು. ಒಣ ಕಾಫಿಯ ಸಿಪ್ಪೆ ಬಿಡಿಸುವಾಗ ಏಳುವ ಧೂಳು ಎದೆಗಿಳಿಯಬಾರದೆಂದು ಎಲ್ಲರಿಗೂ ಮಾಸ್ಕ್ ಕೊಡುತ್ತಾರೆ. ಅದು ಸರಿಯಾಗಿ ಕೂತಿದೆಯೇ ಎಂದು ತಿಳಿಯಲು, ತಲೆಗೆ ಮಳೆಗಾಲದ ಕೊಪ್ಪೆಯಂಥ ಮುಸುಕು ಹಾಕಿ ಒಳಗೆ ರುಚಿಯ ದ್ರಾವಣ ಸಿಂಪಡಿಸುತ್ತಾರೆ. ನಾಲಿಗೆಗೆ ರುಚಿ ತಾಗಿದರೆ ಮಾಸ್ಕ್ ಸೋರುತ್ತಿದೆ ಎಂದರ್ಥ. ಧೂಳಿಗೂ ಅದೇ ದಾರಿ.

ಮೊದಲು ಸಿಹಿ ದ್ರಾವಣವಿತ್ತು. ನಮ್ಮ ಕಡೆಯವರ ದಾಕ್ಷಿಣ್ಯ ಕೇಳಬೇಕೆ? ಹಿರಿಯರು ಏನು ಕೇಳಿದರೂ ಬೇಡ ಎಂದೇ ಅಭ್ಯಾಸ.

"ಸಿಹಿ ಬಂತಾ?"

"ಇಲ್ಲ, ಇಲ್ಲ. ಸಾಕು ಸಾರ್, ನೀವು ತೊಂದ್ರೆ ತಗೋಬೇಡಿ."

ಇಡೀ ಶೆಡ್ಡು ಪಾಸಾಯಿತು. ಮಾವ ಮರುದಿನವೇ ಕಹಿಗೆ ಬದಲಾದರು. ಕಹಿಯ ಮುಂದೆ ದಾಕ್ಷಿಣ್ಯ ನಡೆಯದು ಎಂಬುದು ಅವರ ನಂಬಿಕೆ.

ಆ ನಂಬಿಕೆ ಕೆಡಿಸಿದವನು ನಾನು.

ಪತ್ರಿಕೆಗೆ ವರದಿ ಮಾಡಲು ಹೋಗಿದ್ದೆ. ಗಡ್ಡವಿದ್ದರೆ ಮಾಸ್ಕ್ ಸೋರುತ್ತದೆಂದು ತೋರಿಸಲು ಮಾವ ಕೆಲಸಗಾರರ ಎದುರು ಗಡ್ಡ ಬಿಟ್ಟಿದ್ದ ನನ್ನನ್ನೇ ಕೂರಿಸಿದರು. ಮಾಸ್ಕ್ ಕಟ್ಟಿ, ಮುಸುಕು ಹಾಕಿ, ಎಡಕ್ಕೆ ತಿರುಗು, ಬಲಕ್ಕೆ ತಿರುಗು, ಬಗ್ಗು, ಮಾತಾಡು ಎಂದರು. ಬಗ್ಗುವಷ್ಟರಲ್ಲೇ ಕಹಿ ಗಂಟಲಿಗಿಳಿದಿತ್ತು.

"ಕಹಿ ಬಂತಾ ಮಾರಾಯ?"

"ಬಂದ್ರೆ ಇಲ್ಲೇ ಬೋಳಿಸ್ತೀವಿ ಪೇಪರ್‌ನವ್ರೆ, ಬ್ಲೇಡ್ ತಂದಿಟ್ಟಿದೀನಿ" ಎಂದ ಗಡ್ಡದ ಮೇಸ್ತ್ರಿ. ಎಲ್ಲರೂ ನಕ್ಕರು.

"ಇಲ್ಲ" ಎಂದೆ. ದಿನವಿಡೀ ಬೇರೆಯವರ ಸುಳ್ಳು ಹಿಡಿಯುವುದು ನನ್ನ ಉದ್ಯೋಗ!

"ಹಂಗಾದ್ರೆ ನಮ್ಗೂ ಬ್ಲೇಡ್ ಬೇಡ. ಅಳಿಯನಿಗೊಂದು ನ್ಯಾಯ, ನಮ್ಗೊಂದಾ?" ಮೇಸ್ತ್ರಿಯ ಹಿಂದೆ ಗಡ್ಡದವರೆಲ್ಲ ಯಂತ್ರದ ಕಡೆ ಹೊರಟರು.

"ಇರ್ರಪ್ಪ. ತಪ್ಪು ನಂದೇ" ಎಂದರು ಮಾವ. "ದ್ರಾವಣಕ್ಕೆ ನೀರು ಜಾಸ್ತಿಯಾಗಿದೆ. ನಾಳೆ ಎಲ್ಲರಿಗೂ ಮತ್ತೆ ಮಾಡ್ತೀನಿ. ಅಲ್ಲಿವರೆಗೆ ಯಂತ್ರದ ಹತ್ರ ಹೋಗ್ಬೇಡಿ."

"ಇಷ್ಟು ವರ್ಷ ಮಾಡಿ ನೀರಿನ ಅಳತೆ ಗೊತ್ತಿಲ್ವಾ ಸಾರ್?" ಮತ್ತೆ ನಗು. ಮಾವ ಬಾಟಲಿಯ ಮುಚ್ಚಳ ತಿರುಗಿಸುತ್ತಲೇ ಇದ್ದರು. ನಾನು ನೋಟ್‌ಬುಕ್ಕಿನಲ್ಲಿ ಏನೋ ಬರೆಯುವವನಂತೆ ತಲೆ ತಗ್ಗಿಸಿದೆ.

ಸಂಜೆ ಮನೆಗೆ ಹೊರಟ ಜೀಪು ಗೋಣಿಬೀಡು ದಾಟಿತು. ಆಮೇಲೆ ಮಾವ ರಸ್ತೆ ನೋಡುತ್ತಲೇ ಹೇಳಿದರು: "ನಿನ್ನ ಕಣ್ಣಲ್ಲಿ ನೀರು ಬಂದಿತ್ತು. ಅಷ್ಟು ಜನರ ಮುಂದೆ ಹೆಂಗೆ ಹೇಳ್ಲಿ, ಅಕ್ಕನ ಮಗ ಸುಳ್ಳ ಅಂತ?"

ಬೆಳಿಗ್ಗೆ ಗಡ್ಡ ಬೋಳಿಸಿ, ಅವರ ಜೊತೆಗೇ ಶೆಡ್ಡಿಗೆ ಹೋದೆ. ಪತ್ರಿಕೆಯಲ್ಲಿ ತಿದ್ದುಪಡಿಯನ್ನು ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಹಾಕುತ್ತೇವೆ. ಇಲ್ಲಿ ಮೂಲೆಯಿರಲಿಲ್ಲ. "ನಿನ್ನೆ ಕಹಿ ಬಂದಿತ್ತು. ದ್ರಾವಣ ಸರಿಯಿತ್ತು. ಸುಳ್ಳು ಹೇಳಿದ್ದು ನಾನು" ಎಂದೆ.

ಯಾರೂ ನಗಲಿಲ್ಲ. ಮೇಸ್ತ್ರಿ ನನ್ನ ಬೋಳು ಗಲ್ಲವನ್ನು ಸ್ವಲ್ಪ ಹೊತ್ತು ನೋಡಿ, "ಆ ಬ್ಲೇಡ್ ಎಲ್ಲಿಟ್ಟೆ ನಾನು?" ಎಂದು ಹುಡುಕತೊಡಗಿದ.

ಮಾವ ನನ್ನ ಮುಖಕ್ಕೆ ಮಾಸ್ಕ್ ಇಟ್ಟು ಮೂಗಿನ ಪಟ್ಟಿಯನ್ನು ಎರಡೂ ಕೈಬೆರಳಿಂದ ಒತ್ತಿದರು. ಮುಸುಕು ಇಳಿಯಿತು.

"ಕಹಿ ಬಂತಾ?"

ಬರಲಿಲ್ಲ. "ಇಲ್ಲ" ಎಂದೆ. ಆದರೂ ಕಣ್ಣು ತುಂಬಿತ್ತು. ಮಾವ ನಂಬದೆ, ಮುಸುಕು ಎತ್ತಿ, ಮಾಸ್ಕಿನ ಅಂಚನ್ನು ಸುತ್ತಲೂ ಮತ್ತೊಮ್ಮೆ ಸವರಿ ನೋಡಿದರು.