ನ್ಯೂಟನ್ನನ ಮಾತು ಕೇಳದ ತೊಟ್ಟಿ

ವೈದೋತಸ್ ಮೇಷ್ಟ್ರಿಗೆ ಆ ಮಹದಾಲೋಚನೆ ಹೊಳೆದದ್ದು ಶುಕ್ರವಾರ ಬೆಳಗ್ಗೆ, ಹಲ್ಲುಜ್ಜುವಾಗ. ಪೇಸ್ಟಿನ ಟ್ಯೂಬನ್ನು ತಲೆಕೆಳಗಾಗಿ ಹಿಡಿದರೆ ಒಂದು ಚೂರೂ ಬೀಳಲಿಲ್ಲ. ಹಿಂಡಿದ್ದೇ ತಡ, ಅರ್ಧ ಗೇಣು ಹೊರಬಂದು ಅಂಗಿಯ ಮೇಲೆ ಕುಳಿತಿತು. ಬೇರೆ ಯಾರಾದರೂ ಆಗಿದ್ದರೆ ಅಂಗಿ ಬದಲಾಯಿಸುತ್ತಿದ್ದರು. ಇವರು ಭೌತಶಾಸ್ತ್ರದ ಮೇಷ್ಟ್ರು. ಅದೇ ಅಂಗಿಯಲ್ಲಿ ಅಡುಗೆಮನೆಯಲ್ಲಿದ್ದ ಹೆಂಡತಿಯ ಬಳಿಗೆ ಓಡಿದರು.

"ನಿಯೋಲೆ, ಹೊಳೀತು! ನಮ್ಮ ವಿಜ್ಞಾನ ಸಂಘ ಉಳೀತು!"

ಉಟೆನಾ ಪಟ್ಟಣದ ಅಂಚಿನ ಶಾಲೆಯೊಂದರಲ್ಲಿ ಇಪ್ಪತ್ತಾರು ವರ್ಷಗಳಿಂದ ಅವರು ಆ ಸಂಘ ನಡೆಸಿಕೊಂಡು ಬಂದಿದ್ದರು. ಈ ಸೆಪ್ಟೆಂಬರಿನಲ್ಲಿ ಸೇರಿದವರು ಮೂವರು. (ಅವರಲ್ಲೊಬ್ಬ ಬಾಸ್ಕೆಟ್‌ಬಾಲ್ ಎಂದುಕೊಂಡು ತಪ್ಪು ಹಾಳೆಯಲ್ಲಿ ಹೆಸರು ಬರೆದವನು.) ಸೋಮವಾರದೊಳಗೆ ಹನ್ನೆರಡು ಹೆಸರಾಗದಿದ್ದರೆ ಸಂಘ ಮುಚ್ಚಬೇಕಾಗುತ್ತದೆ ಎಂದು ಹೆಡ್‌ಮಿಸ್ ದನುತೆ ಬೇಸರದಿಂದಲೇ ಹೇಳಿದ್ದರು. ಅಂದಿನಿಂದ ಮೇಷ್ಟ್ರಿಗೆ ಅನ್ನಾಹಾರ ರುಚಿಸುತ್ತಿರಲಿಲ್ಲ. (ಎರಡನೇ ಸಲ ಬಡಿಸಿಕೊಳ್ಳುತ್ತಿರಲಿಲ್ಲ ಅಷ್ಟೆ ಎಂಬುದು ಹೆಂಡತಿಯ ತಿದ್ದುಪಡಿ.)

"ಏನ್ ಹೊಳೀತು ಮಾರಾಯ? ಎದೆ ಮೇಲೆ ಮೆತ್ಕೊಂಡಿದೆಯಲ್ಲ, ಅದಾ?" ಎಂದರು ನಿಯೋಲೆ.

"ನಾಳೆ ನಾನು ದ್ರವದ ಮೇಲೆ ನಡೀತೀನಿ! ನಮ್ಮ ಹಿತ್ತಲಲ್ಲಿ, ಊರವರೆಲ್ಲರ ಮುಂದೆ!"

"ಮೊದಲು ನೆಲದ ಮೇಲೆ ನೆಟ್ಟಗೆ ನಡಿ. ನಿನ್ನೆ ತಾನೆ ಬೆಕ್ಕಿನ ಬಟ್ಟಲು ತುಳಿದೆ."

"ತಮಾಷೆ ಅಲ್ಲ ಕಣೇ. ಆಲೂಗಡ್ಡೆ ಪಿಷ್ಟಕ್ಕೆ ನೀರು ಹಾಕಿ ಕಲಸಿದ್ರೆ ಅದೂ ಈ ಪೇಸ್ಟಿನ ಹಾಗೇ, ಹರಿಯೋದ್ರಲ್ಲಿ ನ್ಯೂಟನ್ನನ ಮಾತು ಕೇಳೋದಿಲ್ಲ. ಮೆಲ್ಲಗೆ ಮುಟ್ಟಿದ್ರೆ ಹಾಲು, ಗುದ್ದಿದ್ರೆ ಕಲ್ಲು! ನಿನ್ನ ತಮ್ಮನ ಪಿಷ್ಟದ ಗಿರಣಿಯಲ್ಲಿ ಹರಿದ ಚೀಲಗಳು ಮಾರಾಟವಾಗದೆ ಬಿದ್ದಿವೆಯಂತೆ, ಐದು ತರಿಸಿದ್ರೆ ಸಾಕು."

"ಸುರಿಯೋದು ಎಲ್ಲಿಗೆ?"

ಮೇಷ್ಟ್ರು ಕಿಟಕಿಯಾಚೆ ನೋಡಿದರು. ನಿಯೋಲೆಯೂ ನೋಡಿದರು. ಅಲ್ಲಿ ಸೌತೆಬಳ್ಳಿಗೆಂದು ಮಳೆನೀರು ಹಿಡಿಯುವ ಹಳೆಯ ಸ್ನಾನದ ತೊಟ್ಟಿಯಿತ್ತು.

"ಅದನ್ನ ಮುಟ್ಟಿದ್ರೆ ನೋಡು!"

"ವಿಜ್ಞಾನಕ್ಕೋಸ್ಕರ, ಒಂದೇ ಒಂದು ದಿನ!"

"ನನ್ನ ಹೇರ್‌ಡ್ರೈಯರ್ ವಿಜ್ಞಾನಕ್ಕೆ ಹೋಗಿ ಮೂರು ವರ್ಷ ಆಯ್ತು. ಇನ್ನೂ ವಾಪಸ್ ಬಂದಿಲ್ಲ."

ಹೀಗೆ ಗದರಿದರೂ, ಸಂಜೆ ಮೇಷ್ಟ್ರು ದೋಣಿಯ ಹುಟ್ಟು ಹಿಡಿದು ಪಿಷ್ಟ ಕದಡುವಾಗ ನೀರು ಹೊತ್ತು ತಂದವರು ನಿಯೋಲೆಯೇ. ಇಪ್ಪತ್ತಾರು ವರ್ಷದ ಸಂಘ ಮುಚ್ಚಿದರೆ ಗಂಡ ಹೇಗೆ ಮುದುಡಿಹೋಗುತ್ತಾರೆಂಬುದು ಅವರಿಗೆ ಗೊತ್ತಿತ್ತು. ಅದನ್ನು ಬಾಯಿಬಿಟ್ಟು ಹೇಳುವ ಅಭ್ಯಾಸ ಮಾತ್ರ ಆ ಮನೆಯಲ್ಲಿರಲಿಲ್ಲ.

ಶನಿವಾರ ಹನ್ನೊಂದಕ್ಕೆ ಹಿತ್ತಲು ಕಿಕ್ಕಿರಿಯಿತು. ಮೂವತ್ತು ಮಕ್ಕಳು, ಅವರ ಅಪ್ಪ ಅಮ್ಮಂದಿರು, ಬೇಲಿಯ ಮೇಲೆ ಗಲ್ಲವೂರಿದ ನೆರೆಯವರು, ಮುಂದಿನ ಕುರ್ಚಿಯಲ್ಲಿ ಹೆಡ್‌ಮಿಸ್ ದನುತೆ. ಮೇಷ್ಟ್ರು ಕೋಟು, ಟೈ ಮತ್ತು ಮೊಣಕಾಲುದ್ದದ ರಬ್ಬರ್ ಬೂಟು ಧರಿಸಿ ರಾಜಗಾಂಭೀರ್ಯದಿಂದ ಆಗಮಿಸಿದರು.

ಹಲಗೆಯ ಮೇಲಿಂದ ತೊಟ್ಟಿಗೆ ಕಾಲಿಟ್ಟರು. ದಪ್, ದಪ್, ದಪ್! ಮೂರೇ ಹೆಜ್ಜೆಗೆ ಆಚೆ ದಡ. ಬೂಟಿನ ಅಟ್ಟೆಯೂ ಮುಳುಗಲಿಲ್ಲ. ಹಿತ್ತಲೆಲ್ಲ ಹೋ ಎಂದು ಚಪ್ಪಾಳೆ ತಟ್ಟಿತು.

"ಮತ್ತೊಂದ್ಸಲ ಮೇಷ್ಟ್ರೇ!"

ಮೇಷ್ಟ್ರು ತಿರುಗಿ ಹೊರಟರು. ದಪ್, ದಪ್... ತೊಟ್ಟಿಯ ನಟ್ಟನಡುವೆ ಮಕ್ಕಳ ಅರಳಿದ ಮುಖಗಳು ಕಣ್ಣಿಗೆ ಬಿದ್ದವು. ಅಷ್ಟು ಮುಖಗಳು ತನ್ನತ್ತ ಹಾಗೆ ನೋಡಿ ಎಷ್ಟು ವರ್ಷವಾಗಿತ್ತೋ! ತೋರುಬೆರಳು ತಾನಾಗಿ ಮೇಲೆದ್ದಿತು.

"ಮಕ್ಕಳೇ, ಇಲ್ಲಿ ಮುಖ್ಯವಾಗಿ ಗಮನಿಸಬೇಕಾದ ಅಂಶವೇನೆಂದರೆ..."

ಅಂಶವನ್ನು ಎಲ್ಲರೂ ಗಮನಿಸಿದರು. ಅಂಶ ಕೆಳಗಿಳಿಯುತ್ತಿತ್ತು.

"...ಈ ದ್ರವ ವೇಗಕ್ಕೆ ಮಾತ್ರ ಮರ್ಯಾದೆ ಕೊಡುತ್ತದೆ. ಯಾರಾದರೂ ಇದರ ಮೇಲೆ ನಿಂತುಬಿಟ್ಟರೆ..."

"ಮೇಷ್ಟ್ರೇ, ನೀವೇ ನಿಂತಿದೀರಾ!" ಎಂದು ಜಡೆಯ ಹುಡುಗಿಯೊಬ್ಬಳು ಕಿರುಚಿದಳು.

ಅಷ್ಟರಲ್ಲಿ ಬೂಟುಗಳು ಅರ್ಧಕ್ಕೆ ಮುಳುಗಿದ್ದವು. ಮೇಷ್ಟ್ರು ಗಾಬರಿಯಿಂದ ಕಾಲು ಕಿತ್ತರು. ಪಿಷ್ಟ ಕಲ್ಲಾಯಿತು. ಜೋರಾಗಿ ಕಿತ್ತರು. ಇನ್ನೂ ಗಟ್ಟಿಯಾಯಿತು. ಮೂವರು ಅಪ್ಪಂದಿರು ಧಾವಿಸಿ ಕಂಕುಳಿಗೆ ಕೈಹಾಕಿ ಒಮ್ಮೆಲೇ ಜಗ್ಗಿದರು. ಮೇಷ್ಟ್ರು ಬರಲಿಲ್ಲ, ಕೋಟಿನ ತೋಳು ಬಂತು.

"ಬಿಡ್ರಪ್ಪಾ, ಬಿಡಿ! ಅದೇನು ಗಡ್ಡೆ ಕೀಳೋ ಕೆಲಸ ಅಂದ್ಕೊಂಡ್ರಾ?" ನಿಯೋಲೆ ಏಪ್ರನ್ನಿಗೆ ಕೈ ಒರೆಸುತ್ತ ಬಂದರು. "ವೈದೋತಸ್, ಜಗ್ಗಬೇಡ. ಒಂದು ಕಾಲಿನ ಹಿಮ್ಮಡಿ ಮೆಲ್ಲಗೆ ಅಲ್ಲಾಡಿಸು. ಇನ್ನೂ ಮೆಲ್ಲಗೆ. ಬಾಯಿ ಮುಚ್ಕೋ."

"ಬಾಯಿಗೂ ಕಾಲಿಗೂ ಏನು ಸಂಬಂಧ?"

"ಎರಡೂ ಒಟ್ಟಿಗೆ ನಡೆಯಲ್ಲ ಅಂತ ಈಗ ತಾನೆ ಪ್ರಯೋಗ ಮಾಡಿ ತೋರಿಸಿದೆಯಲ್ಲ!"

ಹಿತ್ತಲು ಬಿದ್ದು ಬಿದ್ದು ನಕ್ಕಿತು. ನಿಯೋಲೆ ತೋಳೇರಿಸಿ, ಬೂಟಿನ ಪಕ್ಕದಲ್ಲಿ ಬೆರಳುಗಳನ್ನು ನಿಧಾನವಾಗಿ ಇಳಿಬಿಟ್ಟು ದಾರಿ ಮಾಡಿದರು. ಆ ಕಲ್ಲು ಹಾಲಾಯಿತು. ಒಂದು ಕಾಲು ಬಂತು, ಸ್ವಲ್ಪ ಹೊತ್ತಿಗೆ ಇನ್ನೊಂದೂ ಬಂತು.

"ಅತ್ತೆ, ನಿಮಗೆ ಹೇಗೆ ಗೊತ್ತಾಯ್ತು?" ಜಡೆಯ ಹುಡುಗಿ ಕೇಳಿದಳು.

"ತುರಿದ ಆಲೂಗಡ್ಡೆ ಹಿಂಡಿದ ನೀರಿರುತ್ತಲ್ಲ, ಅದನ್ನ ಬಸಿದ ಮೇಲೆ ಬೋಗುಣಿ ತಳದಲ್ಲಿ ಇದೇ ಮಹಾರಾಯ ಕೂತಿರ್ತಾನೆ. ಚಮಚ ಹಾಕಿ ಕೆದಕಿದ್ರೆ ಜಪ್ಪಯ್ಯ ಅಂದ್ರೂ ಏಳಲ್ಲ. ಸುಮ್ನೆ ಬಗ್ಗಿಸಿ ಹಿಡಿದ್ರೆ ಸೋಮಾರಿ ಹಂಗೆ ತಾನೇ ಜಾರ್ತಾನೆ. ಇವನು ಹಠಮಾರಿ. ಆದ್ರೆ ಕೆಚಪ್ ಹಾಗಲ್ಲ, ಅವಳು ನಾಚಿಕೆಯವಳು. ನಿಲ್ಲಿ, ತರ್ತೀನಿ."

ಒಳಗಿನಿಂದ ಕೆಚಪ್ ಸೀಸೆ ಬಂತು. ಅಲುಗಾಡಿಸದೆ ಬಗ್ಗಿಸಿದರೆ ಬರಲಿಲ್ಲ, ಚೆನ್ನಾಗಿ ಕುಲುಕಿದ ಮೇಲೆ ಸುರಿಯಿತು. ಹಿಂದೆಯೇ ಗಟ್ಟಿ ಹುಳಿಕೆನೆಯ ಡಬ್ಬಿ, ಗೋಡೆಗೆ ಬಳಿಯುವ ಬಣ್ಣದ ಡಬ್ಬಿ ಬಂದವು. ಕದಡಿದರೆ ತೆಳ್ಳಗಾಗುವವರು ಈಕಡೆ, ಗಟ್ಟಿಯಾಗುವವನು ಆಕಡೆ. ಮಕ್ಕಳು ತೊಟ್ಟಿಗೆ ಮುತ್ತಿ ಮುಷ್ಟಿಯಿಂದ ಗುದ್ದಿದರು, ಅಂಗೈಯಲ್ಲಿ ಉಂಡೆ ಕಟ್ಟಿದರು, ಅದು ಬೆರಳ ಸಂದಿಯಿಂದ ಕರಗಿ ಸೋರಿದಾಗ ಕಿರುಚಾಡಿದರು. ಮೇಷ್ಟ್ರು ಹರಿದ ತೋಳಿನಲ್ಲಿ ಒಂದು ಕಡೆ ನಿಂತು ನೋಡಿದರು. ಇಪ್ಪತ್ತಾರು ವರ್ಷ ಕಪ್ಪುಹಲಗೆಯ ಮೇಲೆ ಬರೆದದ್ದನ್ನೇ ಈಕೆ ಅರ್ಧ ಗಂಟೆಯಲ್ಲಿ ತಲೆಗೆ ಹತ್ತಿಸಿಬಿಟ್ಟಳಲ್ಲ! ಹೊಟ್ಟೆಕಿಚ್ಚು ಬರುವುದೇನೋ ಎಂದು ಕಾದರು. ಬರಲಿಲ್ಲ.

ಹೆಡ್‌ಮಿಸ್ ದನುತೆ ಹಾಳೆ ಹಿಡಿದು ಬಂದರು. "ಹತ್ತೊಂಬತ್ತು ಹೆಸರು ಮೇಷ್ಟ್ರೇ! ಸಂಘ ಉಳೀತು."

ಮೇಷ್ಟ್ರು ಹಾಳೆ ತೆಗೆದುಕೊಂಡರು. ಹತ್ತೊಂಬತ್ತು ಹೆಸರನ್ನೂ ಎರಡೆರಡು ಸಲ ಎಣಿಸಿದರು. ಆಮೇಲೆ ಕನ್ನಡಕ ಸರಿಪಡಿಸಿಕೊಂಡು ಹಾಳೆಯ ಮೇಲ್ಭಾಗ ಓದಿದರು. ಮಕ್ಕಳೇ ಬರೆದಿದ್ದರು: 'ಪಾಠ ಹೇಳುವವರು: ನಿಯೋಲೆ ಅತ್ತೆ.'

"ಹಾಗಾದರೆ ನಾನು?"

ಜಡೆಯ ಹುಡುಗಿ ಅದರ ಕೆಳಗಿನ ಸಾಲಿಗೆ ಬೆರಳಿಟ್ಟು ತೋರಿಸಿದಳು. 'ಮುಳುಗುವವರು: ವೈದೋತಸ್ ಮೇಷ್ಟ್ರು.'

"ಪ್ರತಿ ವಾರವೂ ಮುಳುಗಬೇಕೇನಮ್ಮ?"

"ಹೂಂ ಮೇಷ್ಟ್ರೇ. ಅದಿಲ್ಲದಿದ್ರೆ ನಾವು ಬರಲ್ಲ."

ಮೇಷ್ಟ್ರು ಹೆಂಡತಿಯ ಕಡೆ ನೋಡಿದರು. ನಿಯೋಲೆ ಮೊಣಕೈವರೆಗೆ ಬೆಳ್ಳಗಾಗಿ, ಎಂಟು ಮಕ್ಕಳ ನಡುವೆ ಸಿಕ್ಕಿಕೊಂಡು ನಗುತ್ತಿದ್ದರು. ಮೇಷ್ಟ್ರು ದನುತೆಯವರ ಪೆನ್ನು ಇಸಿದುಕೊಂಡು, ಮುಳುಗುವವರ ಹೆಸರಿನ ಮುಂದೆ ದೊಡ್ಡದಾಗಿ ಸಹಿ ಹಾಕಿದರು.